ದ್ವೀಪಗಳಿಗೆ ರೈಲು ಬೇಕೇ? ಹಳಿ ಕಿತ್ತವರ ಲೆಕ್ಕ ತಪ್ಪೋ, ಈಗ ಮೆಟ್ರೊ ಕಟ್ಟುತ್ತಿರುವವರ ಲೆಕ್ಕ ತಪ್ಪೋ?

ಹಳಿಗುಂಟ:
ಮಾರಿಷಸ್ ದ್ವೀಪದಲ್ಲಿ 1864ರಲ್ಲಿ ರೈಲು ಸಂಚಾರ ಆರಂಭವಾಯಿತು. 1956ರಲ್ಲಿ ಪ್ರಯಾಣಿಕರ ಗಾಡಿಗಳು ನಿಂತವು. 1964ರಲ್ಲಿ ಸರಕು ಸಾಗಣೆಯೂ ಮುಗಿದು ಇಡೀ ವ್ಯವಸ್ಥೆಗೆ ಬೀಗ ಬಿತ್ತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ರಾಜಧಾನಿ ಪೋರ್ಟ್ ಲೂಯಿಸ್‌ಗೆ ಹೋಗುವ ರಸ್ತೆಗಳೆಲ್ಲ ಕಾರು, ಬಸ್ಸುಗಳಿಂದ ಕಟ್ಟಿಕೊಂಡವು. ಕೊನೆಗೆ, ಹಲವೆಡೆ ಆ ಹಳೆಯ ರೈಲುದಾರಿಯನ್ನೇ ಹಿಡಿದು, ಮೆಟ್ರೊ ಎಕ್ಸ್‌ಪ್ರೆಸ್ ಎಂಬ ಲಘು ರೈಲನ್ನು ಕಟ್ಟಿದರು. ಅದು 2020ರ ಜನವರಿಯ ಹೊತ್ತಿಗೆ ರೋಸ್ ಹಿಲ್‌ವರೆಗೆ ಓಡುತ್ತಿತ್ತು, 2022ರಲ್ಲಿ ಕ್ಯೂರ್‌ಪಿಪ್ ತಲುಪಿತು.

ಇದೊಂದೇ ಉದಾಹರಣೆಯಾಗಿದ್ದರೆ ನಾನು ಪ್ರಶ್ನೆ ಎತ್ತುತ್ತಿರಲಿಲ್ಲ. ಪೋರ್ಟೊರಿಕೊದಲ್ಲಿ 1950ರ ದಶಕದಲ್ಲಿ ಪ್ರಯಾಣಿಕರ ರೈಲು ನಿಂತಿತು, 2004ರಲ್ಲಿ ಸಾನ್ ಹುವಾನ್ ನಗರಕ್ಕೆ ಮೆಟ್ರೊ ಬಂತು. ಹವಾಯಿಯ ಒಆಹು ದ್ವೀಪದಲ್ಲಿ 1947ರಲ್ಲಿ ರೈಲು ನಿಂತಿತು, 2023ರಲ್ಲಿ ಹೊನೊಲುಲುವಿನ ಸ್ಕೈಲೈನ್ ಆರಂಭವಾಯಿತು. ಹಳಿ ಕಿತ್ತವರು ದೂರದೃಷ್ಟಿಯಿಲ್ಲದೆ ಕಿತ್ತರೇ, ಅಥವಾ ಈಗ ಕಟ್ಟುತ್ತಿರುವವರೇ ದ್ವೀಪಕ್ಕೆ ಹೊಂದದ ವ್ಯವಸ್ಥೆಯನ್ನು ಹೇರುತ್ತಿದ್ದಾರೆಯೇ? ಬಲ್ಲವರು ತಿಳಿಸಬೇಕು.

ರಸ್ತೆಪಕ್ಷ:
ಕಿತ್ತವರ ಲೆಕ್ಕ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ. ರೈಲು ಲಾಭದಾಯಕವಾಗುವುದು ದೂರದ ಸಾಗಣೆಯಲ್ಲಿ. ಚಿಕ್ಕ ದ್ವೀಪದಲ್ಲಿ ಸರಕನ್ನು ಒಮ್ಮೆ ಲಾರಿಗೆ ತುಂಬಿ, ನಿಲ್ದಾಣದಲ್ಲಿ ಇಳಿಸಿ, ವ್ಯಾಗನ್ನಿಗೆ ತುಂಬಿ, ಬಂದರಿನಲ್ಲಿ ಮತ್ತೆ ಇಳಿಸುವ ಹೊತ್ತಿಗೆ ಅದೇ ಲಾರಿ ನೇರವಾಗಿ ಬಂದರಿಗೆ ಹೋಗಿ ಹಿಂದಿರುಗಿರುತ್ತದೆ. ಬಾರ್ಬಡೋಸ್‌ನಲ್ಲಿ 1881ರಲ್ಲಿ ಆರಂಭವಾದ ರೈಲು 1937ಕ್ಕೇ ಮುಗಿಯಿತು, ಟ್ರಿನಿಡಾಡ್‌ನಲ್ಲಿ 1876ರಲ್ಲಿ ಬಂದದ್ದು 1968ಕ್ಕೆ ನಿಂತಿತು. ಇಷ್ಟೊಂದು ದ್ವೀಪಗಳ ಆಡಳಿತಗಾರರು ಒಂದೇ ನಿರ್ಧಾರಕ್ಕೆ ಬಂದಿದ್ದರೆ ಅದನ್ನು ದೂರದೃಷ್ಟಿಯ ಕೊರತೆ ಎಂದು ತಳ್ಳಿಹಾಕಲಾಗದು.

ಕಬ್ಬಿನ_ವ್ಯಾಗನ್:
ರಸ್ತೆಪಕ್ಷ ಅವರು ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧಕ್ಕೆ ಆ ಹಳಿಗಳನ್ನು ಯಾರಿಗಾಗಿ ಹಾಕಿದ್ದರು ಎಂಬುದನ್ನು ನೋಡಬೇಕು.

ಕ್ಯೂಬಾದಲ್ಲಿ ಮೊದಲ ರೈಲು ಓಡಿದ್ದು 1837ರಲ್ಲಿ, ಹವಾನಾದಿಂದ ಬೆಹುಕಾಲ್‌ಗೆ. ಅದನ್ನು ಆಳುತ್ತಿದ್ದ ಸ್ಪೇನ್ ದೇಶದ ನೆಲದಲ್ಲಿ ಮೊದಲ ರೈಲು ಬಂದದ್ದು 1848ರಲ್ಲಿ. ಒಡೆಯರ ನೆಲಕ್ಕಿಂತ ಹನ್ನೊಂದು ವರ್ಷ ಮೊದಲೇ ವಸಾಹತಿಗೆ ರೈಲು ಬಂದದ್ದು ಅಲ್ಲಿನ ಜನರ ಮೇಲಿನ ಪ್ರೀತಿಯಿಂದಲ್ಲ, ಸಕ್ಕರೆಯನ್ನು ಬೇಗ ಬಂದರಿಗೆ ಮುಟ್ಟಿಸುವುದಕ್ಕಾಗಿ. ಸಿಲೋನಿನಲ್ಲಿ (ಇಂದಿನ ಶ್ರೀಲಂಕಾ) 1864ರಲ್ಲಿ ಕೊಲಂಬೊದಿಂದ ಅಂಬೇಪುಸ್ಸದತ್ತ ಹಳಿ ಹಾಕಿದ್ದರ ಹಿಂದೆ ಬೆಟ್ಟದ ಕಾಫಿ ತೋಟಗಳಿದ್ದವು. ಮಾರಿಷಸ್‌ನಲ್ಲಿ ಮತ್ತೆ ಸಕ್ಕರೆ.

ಇಂತಹ ಮಾರ್ಗಗಳ ನಕ್ಷೆಯನ್ನು ನೋಡಿದರೆ ಎಲ್ಲವೂ ತೋಟಗಳಿಂದ ಹೊರಟು ಒಂದೇ ಬಂದರಿಗೆ ಬಂದು ಸೇರುತ್ತವೆ. ಎರಡು ಊರುಗಳವರು ಒಬ್ಬರನ್ನೊಬ್ಬರು ನೋಡಬೇಕಾದರೆ ಬಂದರಿನವರೆಗೆ ಬಂದು ಗಾಡಿ ಬದಲಿಸಬೇಕಾಗಿತ್ತು. ಹೀಗಾಗಿ ಬೆಳೆಯ ಬೆಲೆ ಬಿದ್ದಾಗ, ಇಲ್ಲವೇ ಲಾರಿ ಬಂದಾಗ, ಆ ರೈಲನ್ನು ಉಳಿಸಿಕೊಳ್ಳುವ ಪ್ರಯಾಣಿಕರೇ ಇರಲಿಲ್ಲ. ಸತ್ತದ್ದು ತೋಟದ ರೈಲು. ಈಗ ಹುಟ್ಟುತ್ತಿರುವುದು ನಗರದ ರೈಲು. ಎರಡರ ಲೆಕ್ಕವನ್ನು ಒಂದೇ ಪುಸ್ತಕದಲ್ಲಿ ಬರೆಯಬಾರದು.

ಹಳಿಗುಂಟ:
ಈ ವಿವರಣೆ ಉಪಯುಕ್ತವಾಗಿದೆ. ಆದರೆ ಶ್ರೀಲಂಕಾದ ರೈಲು ಕಾಫಿ ಹೋದ ಮೇಲೂ ಉಳಿಯಿತಲ್ಲ?

ಕಬ್ಬಿನ_ವ್ಯಾಗನ್:
ಕಾಫಿಯ ಜಾಗಕ್ಕೆ ಚಹಾ ಬಂತು, ಮಾರ್ಗ 1924ರಲ್ಲಿ ಬದುಲ್ಲದವರೆಗೆ ಏರಿತು, ಜೊತೆಗೆ ಆ ದ್ವೀಪ ದೊಡ್ಡದು. ಕೊಲಂಬೊದ ಸುತ್ತ ದಿನನಿತ್ಯ ಓಡಾಡುವ ನೌಕರರ ಗಾಡಿಗಳೇ ಈಗ ಆ ರೈಲಿನ ಜೀವಾಳ.

ಹೊಸ_ಪ್ರಯಾಣಿಕ:
ಗ್ರೇಟ್ ಬ್ರಿಟನ್ ಕೂಡ ದ್ವೀಪವೇ ಅಲ್ಲವೇ? ಹಾಗಾದರೆ ಈ ಚರ್ಚೆ 1863ರ ಲಂಡನ್ ಸುರಂಗ ರೈಲಿನಿಂದಲೇ ಆರಂಭವಾಗಬೇಕಲ್ಲ?

ಗೇಜ್_ಗಣಿತ:
ಭೂಗೋಳದ ಪ್ರಕಾರ ದ್ವೀಪವೇ, ಜಪಾನಿನ ಹೊನ್ಶೂ ಮತ್ತು ಇಂಡೋನೇಷ್ಯಾದ ಜಾವಾ ಕೂಡ ಹಾಗೆಯೇ. ಆದರೆ ರೈಲಿನ ದೃಷ್ಟಿಯಿಂದ ನೀರು ಸುತ್ತುವರಿದಿರುವುದು ಅಷ್ಟು ಮುಖ್ಯವಲ್ಲ. ಹಳಿ ದಡದಲ್ಲಿ ಮುಗಿಯುತ್ತದೆಯೋ, ದಾಟಿ ಮುಂದೆ ಹೋಗುತ್ತದೆಯೋ ಎಂಬುದು ಮುಖ್ಯ. ದಡದಲ್ಲೇ ಮುಗಿಯುವ ರೈಲು ಯಾರೊಂದಿಗೂ ಹೊಂದಿಕೊಳ್ಳಬೇಕಾಗಿಲ್ಲ, ಆದ್ದರಿಂದ ಮನಸ್ಸಿಗೆ ಬಂದ ಗೇಜನ್ನು, ಅಂದರೆ ಎರಡು ಹಳಿಗಳ ನಡುವಿನ ಅಂತರವನ್ನು, ಆರಿಸಿಕೊಳ್ಳುತ್ತದೆ. ಐರ್ಲೆಂಡಿನಲ್ಲಿ 1600 ಮಿ.ಮೀ., ಕಾರ್ಸಿಕಾದಲ್ಲಿ ಮೀಟರ್ ಗೇಜ್, ಐಲ್ ಆಫ್ ಮ್ಯಾನ್‌ನ ಹಬೆ ರೈಲಿಗೆ 914 ಮಿ.ಮೀ. ಜಾವಾದಲ್ಲಿ 1867ರ ಮೊದಲ ಮಾರ್ಗ ಸ್ಟ್ಯಾಂಡರ್ಡ್ ಗೇಜ್ (1435 ಮಿ.ಮೀ.) ಆಗಿತ್ತು, ನಂತರದ ಹೆಚ್ಚಿನ ಮಾರ್ಗಗಳು 1067 ಮಿ.ಮೀ. ಆದವು. ಎರಡೂ ಒಂದೇ ದ್ವೀಪದಲ್ಲಿ ಬಹುಕಾಲ ಜೊತೆಯಾಗಿ ನಡೆದವು.

ಕಟ್ಟುವಾಗ ಇದು ಅಗ್ಗವಾಗಿ ಕಾಣುತ್ತದೆ, ಐವತ್ತು ವರ್ಷಗಳ ನಂತರ ದುಬಾರಿಯಾಗುತ್ತದೆ. ಹಳೆಯ ಗಾಡಿಗಳನ್ನು ನೆರೆಯವರಿಂದ ಕೊಳ್ಳಲಾಗದು, ಬಿಡಿಭಾಗಗಳಿಗೆ ಪ್ರತ್ಯೇಕ ಆದೇಶ ಕೊಡಬೇಕು. ನ್ಯೂಫೌಂಡ್‌ಲೆಂಡ್ 1067 ಮಿ.ಮೀ. ಗೇಜಿನಲ್ಲಿ ಹಳಿ ಹಾಕಿತು. ಕೆನಡಾದ ಮುಖ್ಯನೆಲದ ವ್ಯಾಗನ್‌ಗಳು ಹಡಗಿನಲ್ಲಿ ಪೋರ್ಟ್ ಓ ಬಾಸ್ಕ್ ಬಂದರಿಗೆ ಬಂದಾಗ ಪ್ರತಿಯೊಂದು ವ್ಯಾಗನ್ನನ್ನೂ ಎತ್ತಿ, ಕೆಳಗಿನ ಗಾಲಿಚೌಕಟ್ಟನ್ನು ಬದಲಿಸಿ ಇಳಿಸಬೇಕಾಗುತ್ತಿತ್ತು. 1988ರಲ್ಲಿ ರಸ್ತೆಗಳ ಅಭಿವೃದ್ಧಿಗೆ ಕೇಂದ್ರದಿಂದ ಹಣ ಪಡೆದು ಆ ಪ್ರಾಂತ್ಯ ರೈಲನ್ನೇ ಬಿಟ್ಟುಕೊಟ್ಟಿತು.

ಕೆಂಪು_ಸಿಗ್ನಲ್:
ನೆರೆಯವರ ಹಳೆಯ ಗಾಡಿಯ ವಿಷಯ ಬಂದದ್ದರಿಂದ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪದ ಕತೆಯನ್ನು ಹೇಳಲೇಬೇಕು. ಅಲ್ಲಿ ರೈಡ್ ಪಟ್ಟಣದ ಕೆಳಗಿನ ಸುರಂಗದ ಚಾವಣಿ ತುಂಬಾ ತಗ್ಗು, ಸಾಮಾನ್ಯ ಬೋಗಿ ಅದರೊಳಗೆ ಹೋಗದು. ಅದಕ್ಕಾಗಿ 1967ರಲ್ಲಿ ವಿದ್ಯುದೀಕರಣ ಮಾಡುವಾಗ ಲಂಡನ್ ಸುರಂಗ ರೈಲಿನ ಕುಳ್ಳ ಗಾಡಿಗಳನ್ನೇ ತಂದರು. ಮುಂದೆ ಬಂದ 1938ರ ಮಾದರಿಯ ಗಾಡಿಗಳು 2021ರ ಜನವರಿಯವರೆಗೂ ಓಡಿದವು. ಲಂಡನ್ನಿನಲ್ಲಿ ನಿವೃತ್ತಿಯಾದ ಮೇಲೆ ಸಮುದ್ರತೀರದಲ್ಲಿ ಎರಡನೆಯ ನೌಕರಿ. ಅವುಗಳ ಬದಲಿಗೆ ಬಂದವೂ ಲಂಡನ್ನಿನ ಡಿಸ್ಟ್ರಿಕ್ಟ್ ಮಾರ್ಗದ ಹಳೆಯ ಗಾಡಿಗಳನ್ನು ನವೀಕರಿಸಿದವೇ.

ರಸ್ತೆಪಕ್ಷ:
ಎಂಬತ್ತು ದಾಟಿದ ಗಾಡಿಯಲ್ಲಿ ಜನರನ್ನು ಸಾಗಿಸುವುದನ್ನು ರೈಲಿನ ಯಶಸ್ಸು ಎಂದು ಕರೆಯುವುದಾದರೆ ನನ್ನ ವಾದಕ್ಕೆ ಬೇರೆ ಪುರಾವೆ ಬೇಡ.

ಕೆಂಪು_ಸಿಗ್ನಲ್:
ಎಂಬತ್ತು ವರ್ಷ ಓಡಿದ ಒಂದು ಬಸ್ಸನ್ನು ತಾವು ತೋರಿಸಿದರೆ ನಾನು ಈ ಚರ್ಚೆಯಿಂದ ಹಿಂದೆ ಸರಿಯುತ್ತೇನೆ.

ಕಡಲ_ದಾಟು:
ದಡದ ವಿಷಯಕ್ಕೆ ಮರಳೋಣ. ದಡದಲ್ಲಿ ರೈಲನ್ನು ಹಡಗಿಗೆ ಏರಿಸುವ ಪದ್ಧತಿ ಇಂದಿಗೂ ಇಟಲಿಯ ಮೆಸ್ಸಿನಾ ಜಲಸಂಧಿಯಲ್ಲಿ ಉಳಿದಿದೆ. ನಾನು ಸಿಸಿಲಿಗೆ ಹೋಗುವಾಗ ವಿಲ್ಲಾ ಸಾನ್ ಜೊವಾನ್ನಿ ನಿಲ್ದಾಣದಲ್ಲಿ ಗಾಡಿ ನಿಂತಿತು, ಎಂಜಿನ್ ಕಳಚಿಕೊಂಡು ಹೋಯಿತು, ಬೋಗಿಗಳನ್ನು ತುಂಡು ತುಂಡಾಗಿ ವಿಂಗಡಿಸಿ ಶಂಟಿಂಗ್ ಎಂಜಿನ್ನು ಹಡಗಿನ ಹೊಟ್ಟೆಯೊಳಗೆ ಅಕ್ಕಪಕ್ಕದ ಹಳಿಗಳ ಮೇಲೆ ತಳ್ಳತೊಡಗಿತು. ಪ್ರತಿ ಬಾರಿ ತಳ್ಳಿದಾಗಲೂ ಬೋಗಿಯೊಂದಿಗೆ ಹಡಗೂ ಸ್ವಲ್ಪ ವಾಲಿದ್ದು ಮಲಗಿದ್ದ ನಮಗೆ ತಿಳಿಯುತ್ತಿತ್ತು. ಜಲಸಂಧಿಯನ್ನು ದಾಟಲು ಹಿಡಿದ ಸಮಯಕ್ಕಿಂತ ಈ ಏರಿಸಿ ಇಳಿಸುವ ಕೆಲಸಕ್ಕೆ ಹಿಡಿದ ಸಮಯವೇ ಹೆಚ್ಚಾಗಿತ್ತು. ನೋಡಲು ಸೊಗಸಾಗಿದ್ದರೂ ವೇಗದ ರೈಲಿನ ಕಾಲದಲ್ಲಿ ಇದು ನಡೆಯುವ ಮಾತಲ್ಲ. ನಡುವೆ ಕಂಬವಿಲ್ಲದೆ 3,300 ಮೀಟರ್ ಅಂತರವನ್ನು ಒಂದೇ ನೆಗೆತದಲ್ಲಿ ದಾಟುವ ತೂಗುಸೇತುವೆಯನ್ನು ಅಲ್ಲಿ ಕಟ್ಟಬೇಕೆಂಬ ಯೋಜನೆ ದಶಕಗಳಿಂದ ಏಳುತ್ತ ಬೀಳುತ್ತ ಬಂದಿದೆ. 2025ರ ಆಗಸ್ಟ್‌ನಲ್ಲಿ ಸರ್ಕಾರದ ಸಮಿತಿ ಒಪ್ಪಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಲೆಕ್ಕಪರಿಶೋಧನಾ ನ್ಯಾಯಾಲಯ ತಡೆಯಿತು.

ನ್ಯೂಜಿಲೆಂಡಿನಲ್ಲಿ ಕುಕ್ ಜಲಸಂಧಿಯನ್ನು ರೈಲುಹಡಗು 1962ರಿಂದ ದಾಟುತ್ತಿತ್ತು. ಕೊನೆಯ ಹಡಗು ಅರಾಟೆರೆ 2025ರಲ್ಲಿ ನಿವೃತ್ತವಾದ ಮೇಲೆ, ಹೊಸ ಹಡಗು ಬರುವವರೆಗೆ ಎರಡು ದ್ವೀಪಗಳ ರೈಲುಗಳು ಬೇರೆ ಬೇರೆಯಾಗಿಬಿಟ್ಟಿವೆ. ಸರಕನ್ನು ವ್ಯಾಗನ್ನಿನಿಂದ ಇಳಿಸಿ ಟ್ರೇಲರ್‌ಗೆ ಏರಿಸಿ ದಾಟಿಸಬೇಕಾಗಿದೆ.

ಸುರಂಗವಾಸಿ:
ಹಡಗಿನಲ್ಲಿ ರೈಲು ದಾಟಿಸುವುದಕ್ಕೆ ಜಪಾನ್ ತೆತ್ತ ಬೆಲೆಯನ್ನೂ ಇಲ್ಲಿ ನೆನೆಯಬೇಕು. 1954ರ ಸೆಪ್ಟೆಂಬರ್‌ನಲ್ಲಿ ಹೊನ್ಶೂ ಮತ್ತು ಹೊಕ್ಕೈಡೊ ನಡುವಿನ ತೋಯಾ ಮಾರು ಎಂಬ ರೈಲುಹಡಗು ಚಂಡಮಾರುತಕ್ಕೆ ಸಿಕ್ಕಿ ಮುಳುಗಿ 1,100ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಶಿಕೊಕು ಮಾರ್ಗದ ಶಿಯುನ್ ಮಾರು ಮುಳುಗಿ 168 ಜನ ಸತ್ತರು. ಈ ಎರಡು ದುರಂತಗಳ ನೆನಪಿನಲ್ಲೇ ಹೊಕ್ಕೈಡೊಗೆ ಹೋಗುವ ಸೈಕನ್ ಸುರಂಗ ಮತ್ತು ಶಿಕೊಕುಗೆ ಹೋಗುವ ಸೆತೊ ಮಹಾಸೇತುವೆ ಎರಡೂ ಬೆಳೆದವು, ಎರಡೂ 1988ರಲ್ಲಿ ಒಂದು ತಿಂಗಳ ಅಂತರದಲ್ಲಿ ತೆರೆದವು.

ಸೈಕನ್ ಸುರಂಗದ ಉದ್ದ 53.85 ಕಿ.ಮೀ., ಅದರಲ್ಲಿ 23.3 ಕಿ.ಮೀ. ಸಮುದ್ರದ ಕೆಳಗೆ. ಅತಿ ಆಳದ ಜಾಗ ಸಮುದ್ರಮಟ್ಟದಿಂದ 240 ಮೀಟರ್ ಕೆಳಗಿದೆ. ಕಾಮಗಾರಿಯಲ್ಲಿ 34 ಕಾರ್ಮಿಕರು ಜೀವ ತೆತ್ತರು. ಆದರೆ ಅದು ತೆರೆಯುವ ಹೊತ್ತಿಗೆ ಹೊಕ್ಕೈಡೊದ ಸಪ್ಪೊರೊ ನಗರಕ್ಕೆ ಹೋಗುವ ಜನ ವಿಮಾನಕ್ಕೆ ಹೊರಳಿದ್ದರು. ಜಪಾನಿನ ಅತಿವೇಗದ ರೈಲು ಶಿಂಕನ್ಸೆನ್ ಆ ಸುರಂಗದಲ್ಲಿ ಓಡಿದ್ದು 2016ರಲ್ಲಿ ಮಾತ್ರ. ಆಗ ಇನ್ನೊಂದು ತೊಡಕು ಎದುರಾಯಿತು: ಶಿಂಕನ್ಸೆನ್‌ಗೆ 1435 ಮಿ.ಮೀ. ಗೇಜ್ ಬೇಕು, ಗೂಡ್ಸ್ ರೈಲಿಗೆ 1067 ಮಿ.ಮೀ. ಸಾಕು. ಮೂರನೆಯ ಹಳಿ ಹಾಕಿ ಇಬ್ಬರನ್ನೂ ಒಂದೇ ದಾರಿಯಲ್ಲಿ ಬಿಟ್ಟರು. ಎದುರಿನಿಂದ ಬರುವ ಗೂಡ್ಸ್ ರೈಲಿನ ಕಂಟೇನರ್‌ಗಳಿಗೆ ವೇಗದ ಗಾಡಿಯ ಗಾಳಿಹೊಡೆತ ತಾಗದಿರಲೆಂದು ಶಿಂಕನ್ಸೆನ್ ಆ ಭಾಗದಲ್ಲಿ ಮೊದಲು ಗಂಟೆಗೆ 140, ನಂತರ 160 ಕಿ.ಮೀ.ಗೆ ತನ್ನ ವೇಗವನ್ನು ಇಳಿಸಿಕೊಳ್ಳಬೇಕಾಯಿತು. ಗೂಡ್ಸ್ ರೈಲನ್ನು ತೆಗೆದುಹಾಕಿ ಎನ್ನುವವರಿದ್ದಾರೆ, ಆದರೆ ಹೊಕ್ಕೈಡೊದ ಈರುಳ್ಳಿ, ಆಲೂಗಡ್ಡೆಗಳು ಆ ರೈಲಿನಲ್ಲಿಯೇ ಹೊನ್ಶೂಗೆ ಬರುತ್ತವೆ.

ಗೇಜ್_ಗಣಿತ:
ನಾನು ಹೇಳಿದ ದುಬಾರಿ ಎಂದರೆ ಇದೇ. ದಡ ದಾಟಿದ ದಿನವೇ ಗೇಜಿನ ಸಾಲ ವಸೂಲಿಗೆ ಬರುತ್ತದೆ.

ಹೊಸ_ಪ್ರಯಾಣಿಕ:
ದಡದವರೆಗೆ ರೈಲು ಮಾತ್ರ ಇದ್ದು ರಸ್ತೆಯೇ ಇಲ್ಲದ ದ್ವೀಪ ಯಾವುದಾದರೂ ಇದೆಯೇ?

ಕಡಲ_ದಾಟು:
ಇದೆ. ಜರ್ಮನಿಯ ಸಿಲ್ಟ್ ದ್ವೀಪಕ್ಕೆ 1927ರಲ್ಲಿ 11 ಕಿ.ಮೀ. ಉದ್ದದ ಏರಿಯನ್ನು ಕಟ್ಟಿ ಅದರ ಮೇಲೆ ಹಳಿಯನ್ನಷ್ಟೇ ಹಾಕಿದರು. ಇವತ್ತಿಗೂ ಆ ಏರಿಯ ಮೇಲೆ ರಸ್ತೆ ಇಲ್ಲ. ಕಾರಿನವರು ಕಾರನ್ನು ರೈಲಿನ ಮೇಲೆ ಹತ್ತಿಸಿ, ಅದರೊಳಗೇ ಕುಳಿತು ದಾಟಬೇಕು. ಅದೇ ಸಮುದ್ರದ ವಾಂಗೆರೋಗೆ ಎಂಬ ಪುಟ್ಟ ದ್ವೀಪದಲ್ಲಿ ಮೀಟರ್ ಗೇಜ್ ರೈಲೊಂದಿದೆ. ಅಲ್ಲಿಗೆ ಬರುವ ಹಡಗು ಭರತ ಇಳಿತಗಳನ್ನು ನೋಡಿಕೊಂಡು ಹೊರಡುವುದರಿಂದ ರೈಲಿನ ವೇಳಾಪಟ್ಟಿಯೂ ದಿನದಿಂದ ದಿನಕ್ಕೆ ಬದಲಾಗುತ್ತದೆ.

ರಸ್ತೆಪಕ್ಷ:
ಫ್ಲಾರಿಡಾದ ಕೀ ವೆಸ್ಟ್ ಇದಕ್ಕೆ ತದ್ವಿರುದ್ಧ. 1912ರಲ್ಲಿ ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿ ರೈಲು ಒಯ್ದರು, 1935ರ ಚಂಡಮಾರುತ ಅದನ್ನು ಹಾಳುಗೆಡವಿತು, ಉಳಿದ ಸೇತುವೆಗಳ ಮೇಲೆ ಹೆದ್ದಾರಿ ಬಂತು. ಆ ಹೆದ್ದಾರಿ ಇಂದಿಗೂ ಕೆಲಸ ಮಾಡುತ್ತಿದೆ ಎಂಬುದನ್ನು ಗಮನಿಸಿ.

ಈಗ ನಗರದ ರೈಲಿನ ವಿಷಯಕ್ಕೆ ಬರೋಣ. ಹಳಿಗುಂಟ ಅವರು ಹೆಸರಿಸಿದ ಸಾನ್ ಹುವಾನ್‌ನ ಮೆಟ್ರೊ 17 ಕಿ.ಮೀ. ಮಾರ್ಗಕ್ಕೆ 200 ಕೋಟಿ ಡಾಲರ್‌ಗೂ ಹೆಚ್ಚು ನುಂಗಿತು. ಅಂದಾಜಿಸಿದಷ್ಟು ಪ್ರಯಾಣಿಕರು ಎಂದೂ ಬರಲಿಲ್ಲ. ಹೊನೊಲುಲುವಿನದು ಸುಮಾರು 500 ಕೋಟಿ ಡಾಲರ್ ಅಂದಾಜಿನಿಂದ ಆರಂಭಿಸಿ ಅದರ ಇಮ್ಮಡಿಯ ಹತ್ತಿರಕ್ಕೆ ಹೋಯಿತು. ಈ ಹಣದಲ್ಲಿ ಎಷ್ಟು ಬಸ್ಸುಗಳನ್ನು ಓಡಿಸಬಹುದಿತ್ತು ಎಂದು ಯಾರೂ ಕೇಳುವುದಿಲ್ಲ.

ಮೇಲ್ಸೇತುವೆ:
ಸಿಂಗಪುರದಲ್ಲಿ ಕೇಳಿದ್ದರು, ರಸ್ತೆಪಕ್ಷ ಅವರೇ. 1980ರ ಸುಮಾರಿಗೆ ಹಾರ್ವರ್ಡ್‌ನಿಂದ ಬಂದ ತಜ್ಞರ ತಂಡ ರೈಲು ಬೇಡ, ಬಸ್ಸುಗಳೇ ಸಾಕು ಎಂದು ಶಿಫಾರಸು ಮಾಡಿತ್ತು. ಸಂಪುಟದೊಳಗೇ ಭಿನ್ನಾಭಿಪ್ರಾಯವಿತ್ತು, ದೂರದರ್ಶನದಲ್ಲಿ ಬಹಿರಂಗ ಚರ್ಚೆಯೂ ನಡೆಯಿತು. ರೈಲಿನ ಪರವಾಗಿ ಗಟ್ಟಿಯಾಗಿ ನಿಂತವರು ಆಗಿನ ಸಂಪರ್ಕ ಸಚಿವ ಓಂಗ್ ಟೆಂಗ್ ಚಿಯೊಂಗ್. ದ್ವೀಪದಲ್ಲಿ ರಸ್ತೆಯನ್ನು ಅಗಲ ಮಾಡುತ್ತ ಹೋಗಲು ನೆಲವೇ ಇಲ್ಲ ಎಂಬ ವಾದ ಕೊನೆಗೆ ಗೆದ್ದಿತು. 1982ರಲ್ಲಿ ಒಪ್ಪಿಗೆ ಸಿಕ್ಕಿತು, 1987ರ ನವೆಂಬರ್‌ನಲ್ಲಿ ಐದು ನಿಲ್ದಾಣಗಳ ಮೊದಲ ಭಾಗ ತೆರೆಯಿತು.

ಆದರೆ ಸಿಂಗಪುರವನ್ನು ಹೊಗಳುವ ಬಹುತೇಕರು ಮರೆಯುವ ಸಂಗತಿಯೊಂದಿದೆ. ನಗರಕೇಂದ್ರಕ್ಕೆ ಕಾರಿನಲ್ಲಿ ಬರುವವರಿಂದ ಶುಲ್ಕ ಪಡೆಯುವ ಪದ್ಧತಿ ಅಲ್ಲಿ 1975ರಲ್ಲೇ ಬಂದಿತ್ತು, 1990ರಿಂದ ಹೊಸ ಕಾರು ಕೊಳ್ಳಲು ಹರಾಜಿನಲ್ಲಿ ಪರವಾನಗಿ ಪಡೆಯಬೇಕಾಯಿತು. ಹಳಿ ಹಾಕಿದ್ದು ಒಂದು ಕೈ, ಕಾರನ್ನು ತಡೆದದ್ದು ಇನ್ನೊಂದು ಕೈ. ಸಾನ್ ಹುವಾನ್‌ನಲ್ಲಿ ಎರಡನೆಯ ಕೈ ಎದ್ದೇಳಲೇ ಇಲ್ಲ, ಮೇಲಾಗಿ ಆ ಮೆಟ್ರೊ ವಿಮಾನ ನಿಲ್ದಾಣಕ್ಕೂ ಹೋಗುವುದಿಲ್ಲ, ಹಳೆಯ ಸಾನ್ ಹುವಾನ್ ಪೇಟೆಗೂ ಹೋಗುವುದಿಲ್ಲ. ಜನ ಹೋಗಬಯಸುವ ಎರಡೂ ಜಾಗಗಳನ್ನು ಬಿಟ್ಟು ಕಟ್ಟಿದ ಮಾರ್ಗ ತುಂಬಲಿಲ್ಲವೆಂದು ರೈಲನ್ನೇ ದೂರುವುದು ನ್ಯಾಯವಲ್ಲ.

ಕೆಂಪು_ಸಿಗ್ನಲ್:
ಹೊನೊಲುಲುವಿನಲ್ಲೂ ಹಾಗೆಯೇ ಆಯಿತು. ಕಟ್ಟಡಗಳು ಕಡಿಮೆ ಇರುವ ಪಶ್ಚಿಮದ ಕಪೊಲೆಯ್ ಕಡೆಯಿಂದ ಆರಂಭಿಸಿ ನಗರದತ್ತ ಬಂದರು, ಮೊದಲ ಭಾಗ ಕ್ರೀಡಾಂಗಣದ ಬಳಿಯೇ ಮುಗಿಯಿತು. ವಿಮಾನ ನಿಲ್ದಾಣವನ್ನು ಮುಟ್ಟಿದ್ದು 2025ರ ಅಕ್ಟೋಬರ್‌ನಲ್ಲಿ. ಹಣ ಸಾಲದೆ ಅಲಾ ಮೊಆನಾದವರೆಗಿನ ಕೊನೆಯ ಭಾಗವನ್ನು ಸದ್ಯಕ್ಕೆ ಕೈಬಿಟ್ಟರು. ತಾಂತ್ರಿಕ ಎಡವಟ್ಟೂ ಇತ್ತು: ಹಳಿಗಳು ಒಂದನ್ನೊಂದು ದಾಟುವ ಜಾಗಗಳಲ್ಲಿನ ಸಂದಿಗೆ ಗಾಡಿಯ ಗಾಲಿಗಳ ಅಗಲ ಸಾಲುತ್ತಿರಲಿಲ್ಲ. ತಾತ್ಕಾಲಿಕವಾಗಿ ಬೆಸುಗೆ ಹಾಕಿ ಸಂದಿ ಮುಚ್ಚಿ, ಅಗಲವಾದ ಗಾಲಿಗಳನ್ನು ಜೋಡಿಸಬೇಕಾಯಿತು. ಹಳಿಯನ್ನೂ ಗಾಲಿಯನ್ನೂ ಹೊಸದಾಗಿಯೇ ಆರಿಸಿಕೊಳ್ಳುವ ಅವಕಾಶವಿದ್ದ ಯೋಜನೆಯಲ್ಲಿ ಇಂತಹದ್ದು ನಡೆಯಬಾರದಿತ್ತು.

ಹಳಿಗುಂಟ:
ಹಾಗಾದರೆ ಮಾರ್ಗದ ಮೇಲಿನ ಜನಸಾಂದ್ರತೆಯೇ ಎಲ್ಲವನ್ನೂ ನಿರ್ಧರಿಸುತ್ತದೆ ಎನ್ನಬಹುದೇ? ತೈವಾನ್ ಮತ್ತು ಹಾಂಗ್‌ಕಾಂಗ್‌ಗಳನ್ನು ಹೇಗೆ ನೋಡುವುದು?

ಸುರಂಗವಾಸಿ:
ತೈವಾನಿನ ಜನವಸತಿ ಹೆಚ್ಚಾಗಿ ಪಶ್ಚಿಮ ಕರಾವಳಿಯ ಒಂದೇ ಪಟ್ಟಿಯಲ್ಲಿದೆ, ನಡುವೆ ಬೆಟ್ಟ. ರೈಲಿಗೆ ಇದಕ್ಕಿಂತ ಒಳ್ಳೆಯ ಭೂಗೋಳ ಸಿಗದು. 2007ರಲ್ಲಿ ಆರಂಭವಾದ ಸುಮಾರು 350 ಕಿ.ಮೀ. ಉದ್ದದ ವೇಗದ ರೈಲುಮಾರ್ಗ ತೈಪೆ ಮತ್ತು ಕವೊಸ್ಯುಂಗ್ ನಡುವಿನ ವಿಮಾನಗಳನ್ನು 2012ರ ಹೊತ್ತಿಗೆ ಪೂರ್ತಿ ಇಲ್ಲವಾಗಿಸಿತು. ಹಾಗಿದ್ದರೂ ಖಾಸಗಿ ಬಂಡವಾಳದಲ್ಲಿ ಕಟ್ಟಿದ ಆ ಸಂಸ್ಥೆ ಸಾಲದ ಬಡ್ಡಿಯಲ್ಲಿ ಮುಳುಗಿ 2009ರಲ್ಲಿ ಸರ್ಕಾರ ಅದರ ಆಡಳಿತವನ್ನು ಕೈಗೆ ತೆಗೆದುಕೊಳ್ಳಬೇಕಾಯಿತು. ಹಲವು ನಿಲ್ದಾಣಗಳು ಊರಿನಿಂದ ದೂರದ ಗದ್ದೆಗಳ ನಡುವೆ ಇದ್ದದ್ದೂ ಆರಂಭದಲ್ಲಿ ತೊಂದರೆ ಕೊಟ್ಟಿತು. ಅಂದರೆ ಗಾಡಿ ತುಂಬಿದ ಮಾತ್ರಕ್ಕೆ ಲೆಕ್ಕ ಸರಿಹೋಗುವುದಿಲ್ಲ.

ಮೇಲ್ಸೇತುವೆ:
ಹಾಂಗ್‌ಕಾಂಗ್‌ನ ಉತ್ತರ ಬೇರೆ. ಅಲ್ಲಿ ರೈಲು ಸಂಸ್ಥೆಗೆ ನಿಲ್ದಾಣಗಳ ಮೇಲೆ ಮತ್ತು ಸುತ್ತ ಕಟ್ಟಡ ಕಟ್ಟುವ ಹಕ್ಕನ್ನು ಸರ್ಕಾರ ಕೊಡುತ್ತದೆ. ಮಾರ್ಗ ಬಂದರೆ ನೆಲದ ಬೆಲೆ ಏರುತ್ತದೆ, ಏರಿದ ಬೆಲೆಯಲ್ಲಿ ಮಾರ್ಗದ ಖರ್ಚು ಹುಟ್ಟುತ್ತದೆ. 1985ರಲ್ಲಿ ತೆರೆದ ಐಲ್ಯಾಂಡ್ ಮಾರ್ಗದ ನಿಲ್ದಾಣಗಳ ಮೇಲೆ ಎದ್ದ ಗೋಪುರಗಳು ಈ ಪದ್ಧತಿಯ ಫಲ. ಬೆಟ್ಟ ಮತ್ತು ನೀರಿನ ನಡುವೆ ಸಿಕ್ಕಿಕೊಂಡ ನೆಲ ದುಬಾರಿಯಾಗುವುದು ಸಹಜ, ಹೆಚ್ಚಿನ ನಗರಗಳಲ್ಲಿ ಆ ಲಾಭ ಖಾಸಗಿಯವರ ಪಾಲಾಗುತ್ತದೆ.

ರಸ್ತೆಪಕ್ಷ:
ಅದೇ ಪದ್ಧತಿಯಿಂದ ಮನೆಗಳ ಬೆಲೆ ಯಾವ ಮಟ್ಟಕ್ಕೆ ಏರಿತು ಎಂಬುದನ್ನೂ ಹೇಳಿಬಿಡಿ. ರೈಲಿನ ಟಿಕೆಟ್ ಅಗ್ಗವಾಗಿ ಉಳಿದದ್ದರ ಬೆಲೆಯನ್ನು ಬಾಡಿಗೆದಾರ ತೆರುತ್ತಿದ್ದಾನೆ.

ಮೇಲ್ಸೇತುವೆ:
ಆ ಆಕ್ಷೇಪದಲ್ಲಿ ಹುರುಳಿದೆ, ಆದರೆ ಅದು ಭೂನೀತಿಯ ಪ್ರಶ್ನೆ. ಬಸ್ಸು ಓಡಿಸಿದ್ದರೆ ಬಾಡಿಗೆ ಇಳಿಯುತ್ತಿರಲಿಲ್ಲ.

ಪ್ರವಾಸಿ_ಗಾಡಿ:
ಪ್ರವಾಸಿಗರಿಂದಲೇ ಬದುಕುತ್ತಿರುವ ದ್ವೀಪ ರೈಲುಗಳನ್ನು ಯಾರೂ ಹೆಸರಿಸಲಿಲ್ಲ. ಸ್ಪೇನಿನ ಮಯೋರ್ಕಾ ದ್ವೀಪದ ಸೊಯೆರ್ ರೈಲನ್ನು 1912ರಲ್ಲಿ ತೆರೆದದ್ದು ಬೆಟ್ಟದಾಚೆಯ ಕಿತ್ತಳೆ ತೋಟಗಳಿಗಾಗಿ. ಈಗ ಅದೇ 914 ಮಿ.ಮೀ. ಗೇಜಿನ ಹಳಿಯ ಮೇಲೆ ಮರದ ಬೋಗಿಗಳಲ್ಲಿ ಪ್ರವಾಸಿಗರು ತುಂಬಿರುತ್ತಾರೆ. ಐಲ್ ಆಫ್ ಮ್ಯಾನ್‌ನಲ್ಲಿ 1873ರ ಹಬೆ ರೈಲು, 1893ರ ವಿದ್ಯುತ್ ರೈಲು ಎರಡನ್ನೂ ಅಲ್ಲಿನ ಸರ್ಕಾರ ಉಳಿಸಿಕೊಂಡಿದೆ.

ಗೇಜ್_ಗಣಿತ:
ಅವು ಉಳಿದದ್ದು ಸಂತೋಷದ ಸಂಗತಿ, ಆದರೆ ಕೆಲಸಕ್ಕೆ ಹೋಗುವವನಿಗೆ ಅವುಗಳಿಂದ ಹೆಚ್ಚೇನೂ ಪ್ರಯೋಜನವಿಲ್ಲ. ಅದೇ ಮಯೋರ್ಕಾದ ಪಾಲ್ಮಾ ನಗರಕ್ಕೆ 2007ರಲ್ಲಿ ಮೆಟ್ರೊ ಬಂತು, ಕೆಲವೇ ತಿಂಗಳಲ್ಲಿ ಮಳೆನೀರು ನುಗ್ಗಿ ಮುಚ್ಚಿತು, 2008ರಲ್ಲಿ ಮತ್ತೆ ತೆರೆಯಿತು. ದಿನಬಳಕೆಯ ರೈಲಿನ ಗುಣಮಟ್ಟದ ಬಗ್ಗೆ ಅಲ್ಲಿ ಮೊದಲೇ ಗಮನ ಹರಿಸಬೇಕಿತ್ತು.

ಹಳಿಗುಂಟ:
ಇಷ್ಟನ್ನೂ ಓದಿದ ಮೇಲೆ ನನ್ನ ನಿಲುವು ಹೀಗಿದೆ: ಗಾಡಿಗಳನ್ನು ನಿಲ್ಲಿಸಿದ್ದು ಆ ಕಾಲಕ್ಕೆ ಸರಿಯಿದ್ದಿರಬಹುದು, ದಾರಿಯನ್ನು ಮಾರಿಕೊಂಡದ್ದು ಸರಿಯಲ್ಲ. ಮಾರಿಷಸ್‌ನಲ್ಲಿ ಹಳೆಯ ದಾರಿಯ ಬಹುಭಾಗ ಖಾಲಿ ಉಳಿದಿದ್ದರಿಂದಲೇ ಮೆಟ್ರೊ ಬೇಗ ಸಾಧ್ಯವಾಯಿತು. ಗಾಡಿ ನಿಂತರೂ ನೆಲ ಸಾರ್ವಜನಿಕರ ಕೈಯಲ್ಲೇ ಇರಬೇಕೆಂಬ ಕಾನೂನು ದ್ವೀಪಗಳಲ್ಲಿ ಮೊದಲು ಬರಬೇಕು.

ರಸ್ತೆಪಕ್ಷ:
ಈ ಒಂದು ಮಾತನ್ನು ನಾನೂ ಒಪ್ಪುತ್ತೇನೆ, ಆದರೆ ನೆಲ ಉಳಿದರೆ ರೈಲು ಮರಳುತ್ತದೆ ಎಂಬ ಭರವಸೆ ಬೇಡ. ಸಿಂಗಪುರದ ಮೂಲಕ ಹಾದುಹೋಗುತ್ತಿದ್ದ ಮಲೇಷ್ಯಾದ ರೈಲುಮಾರ್ಗ 2011ರಲ್ಲಿ ತಾಂಜೊಂಗ್ ಪಗಾರ್ ನಿಲ್ದಾಣದಿಂದ ವುಡ್‌ಲ್ಯಾಂಡ್ಸ್‌ಗೆ ಹಿಂದೆ ಸರಿಯಿತು. 24 ಕಿ.ಮೀ. ದಾರಿ ಈಗ ಮರಗಳ ನಡುವಿನ ಕಾಲುದಾರಿಯಾಗಿದೆ. ಅಲ್ಲಿ ಮತ್ತೆ ಹಳಿ ಹಾಕುತ್ತೇವೆಂದು ಯಾರಾದರೂ ಹೇಳಿನೋಡಲಿ, ಬೆಳಗ್ಗೆ ಅಲ್ಲಿ ಓಡುವವರೇ ಮೊದಲು ಬೀದಿಗಿಳಿಯುತ್ತಾರೆ.

ಮೇಲ್ಸೇತುವೆ:
ಅಲ್ಲಿ ಮತ್ತೆ ಹಳಿ ಹಾಕುವ ಅಗತ್ಯವೇ ಇಲ್ಲ, ಏಕೆಂದರೆ ಆ ನಗರ ಬೇರೆ ಮಾರ್ಗಗಳನ್ನು ಕಟ್ಟುತ್ತಲೇ ಇದೆ. ಮಲೇಷ್ಯಾದ ಜೊಹೊರ್ ಬಾರುವಿನಿಂದ ಜಲಸಂಧಿಯನ್ನು ದಾಟಿ ಬರುವ 4 ಕಿ.ಮೀ. ಉದ್ದದ ಹೊಸ ಮೆಟ್ರೊ ಸಂಪರ್ಕವನ್ನು ಕೂಡ ಹಳೆಯ ಹಳಿಗೆ ಜೋಡಿಸದೆ ನೇರವಾಗಿ ವುಡ್‌ಲ್ಯಾಂಡ್ಸ್‌ನ ಮೆಟ್ರೊ ನಿಲ್ದಾಣದ ಪಕ್ಕಕ್ಕೇ ತರುತ್ತಿದ್ದಾರೆ.